ಮುಖ್ಯಾಧಿಕಾರಿ ಬೇಕಾಗಿದ್ದಾರೆ

ಜನವರಿ 14, ಮಂಗಳವಾರ

ತಲೆಯಲ್ಲಿ ಗಿರಕಿ ಹೊಡೆಯುವುದನ್ನೆಲ್ಲ ಕಾಗದದ ಮೇಲೆ ಇಳಿಸಿ, ರಕ್ತದೊತ್ತಡವೂ ಇಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಸರಿ, ಇಳಿಸುತ್ತಿದ್ದೇನೆ.

ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುವಷ್ಟರಲ್ಲಿ ಫೋನು. ಬಂದರು ರಸ್ತೆಗೆ ಕಸದ ಲಾರಿ ಬಂದಿಲ್ಲವಂತೆ. "ನೋಡ್ತೀನಿ" ಅಂದೆ. ಅದನ್ನು ಇಟ್ಟ ಕೂಡಲೇ ಇನ್ನೊಬ್ಬರು, ಸ್ಮಶಾನದ ಗೇಟಿನ ಬೀಗ ತುಕ್ಕು ಹಿಡಿದಿದೆ ಅಂತ. ಅದಕ್ಕೂ "ನೋಡ್ತೀನಿ" ಅಂದೆ. ಕ್ಲೈವ್ ಬೇಯಿಸಿದ ಮೊಟ್ಟೆಯ ತಲೆ ಒಡೆಯುತ್ತಾ, "ಹೋಗಿ ನೋಡ್ತೀಯೋ, ಇಲ್ಲಿಂದಲೇ ನೋಡ್ತೀಯೋ?" ಎಂದ. ನನ್ನ ಗಂಡನಿಗೆ ಎಲ್ಲವೂ ತಮಾಷೆ.

ಇದನ್ನೆಲ್ಲ ನೋಡಬೇಕಾದವರು ಮುಖ್ಯಾಧಿಕಾರಿ. ನಾನು ಕೌನ್ಸಿಲ್ ಅಧ್ಯಕ್ಷೆ. ಏನು ಆಗಬೇಕು ಅಂತ ಹೇಳುವುದಷ್ಟೇ ನನ್ನ ಪಾಲು, ಅದನ್ನು ಮಾಡಿಸುವುದು ಅವರ ಪಾಲು. ಆದರೆ ನಮ್ಮ ಸಾಲ್ಟರ್‌ಬಿಗೆ ಅಕ್ಟೋಬರಿನಿಂದ ಮುಖ್ಯಾಧಿಕಾರಿಯೇ ಇಲ್ಲ. ಇದ್ದವರು ದಕ್ಷಿಣದ ಯಾವುದೋ ದೊಡ್ಡ ಊರಿಗೆ ಹೋದರು. ಒಮ್ಮೆ ಅರ್ಜಿ ಕರೆದೆವು, ಒಬ್ಬರೂ ಹೊಂದಲಿಲ್ಲ. ಸದ್ಯಕ್ಕೆ ಮಾಲ್ಕಮ್ ಥ್ವೇಟ್ ಪ್ರಭಾರದಲ್ಲಿದ್ದಾನೆ. ಅವನ ಖಾತೆ ಕಸ ಮತ್ತು ಪಾರ್ಕುಗಳದ್ದು. ಎಂಟು ವರ್ಷದ ಹಿಂದೆ ನಾನು ಹೇರ್ ಸಲೂನಿನ ಕತ್ತರಿ ಇಟ್ಟು ಸದಸ್ಯೆಯಾಗಿ ಬಂದಾಗ, ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟವನು ಅವನೇ. ಬಂಗಾರದಂಥ ಮನುಷ್ಯ.

ಸಂಜೆ ಅಂಗಡಿಯಲ್ಲಿ ಡಾಫ್ನಿ ರಡ್ಡಕ್ ಸಿಕ್ಕಳು. ಬೆಳಗಿನ ಈಜುಗಾರ್ತಿಯರ ಗುಂಪಿನ ಯಜಮಾನಿ, ವಯಸ್ಸು ಎಂಬತ್ತರ ಹತ್ತಿರ. ನನ್ನ ಹಳೆಯ ಗಿರಾಕಿ.

"ಏನೇ ಹುಡುಗಿ, ಕೊಳ ಯಾವಾಗ ತೆಗೀತೀಯ? ನನ್ನ ಮಂಡಿ ಕೇಳ್ತಾ ಇದೆ."

"ಬೇಸಿಗೆಗೆ ಖಂಡಿತ, ಡಾಫ್ನಿ" ಅಂದೆ.

ಚುನಾವಣೆಯಲ್ಲೂ ಅದನ್ನೇ ಹೇಳಿ ಗೆದ್ದದ್ದು. ಊರಿನ ಈಜುಕೊಳವನ್ನು ಛಾವಣಿಯ ಕಾಂಕ್ರೀಟು ಟೊಳ್ಳು ಅಂತ ಮುಚ್ಚಿಸಿದ್ದಾರೆ. ಒಳ್ಳೆಯ ಮುಖ್ಯಾಧಿಕಾರಿಯೊಬ್ಬರು ಬಂದರೆ ಸರಿಹೋಗುತ್ತದೆ.

ಜನವರಿ 23, ಗುರುವಾರ

ದೊಡ್ಡ ಹುದ್ದೆಗಳಿಗೆ ಜನ ಹುಡುಕಿಕೊಡುವ ಕಂಪನಿಯವನು ಲಂಡನ್ನಿನಿಂದ ಬಂದಿದ್ದ. ಹೆಸರು ಪಿಯರ್ಸ್. ಕ್ಲೈವ್‌ಗೆ ಹೇಳಿದರೆ, "ಸೋಪಿನವನಾ? ಹಾಗಾದ್ರೆ ಕೈ ಜಾರುತ್ತೆ, ಹುಷಾರು" ಅಂದ.

ಹುಡುಗ ಕೆಟ್ಟವನಲ್ಲ. ಆದರೆ ತೆಳು ಬೂಟು ಹಾಕಿಕೊಂಡು ಜನವರಿಯಲ್ಲಿ ನಮ್ಮ ಕಡಲದಂಡೆಯ ಮೇಲೆ ನಡೆಯಲು ಹೊರಟ. ಅರ್ಧ ದಾರಿಯಲ್ಲಿ ಅವನ ಛತ್ರಿ ಒಳಹೊರಗಾಯಿತು.

ಜಾಹೀರಾತು ಓದಿದ. "ಅವಕಾಶಗಳ ಅಲೆಗಳು ಬಂದು ಮುಟ್ಟುವ ಊರು. ದೂರದೃಷ್ಟಿಯ ನಾಯಕತ್ವಕ್ಕೆ ಕರೆ."

ವಿರೋಧ ಪಕ್ಷದ ನಾಯಕ ಡಂಕನ್ ಬೀಲ್ ನೇಮಕಾತಿ ಸಮಿತಿಯಲ್ಲಿದ್ದಾನೆ. ಐದು ಜನರಲ್ಲಿ ಒಬ್ಬ. ಕುರ್ಚಿಯಲ್ಲಿ ಹಿಂದಕ್ಕೊರಗಿ, "ಅಲೆ ಬಂದು ಮುಟ್ಟೋದಲ್ಲಪ್ಪಾ, ಹೋದ ವರ್ಷ ಬಂದು ಕಾರ್ ಪಾರ್ಕನ್ನೇ ನುಂಗಿತು" ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಅವನ ಮುಂದೆ ನಗಬಾರದೆಂದು ಕೆಮ್ಮಿದೆ.

ಎಂಥವರು ಬೇಕು ಎಂದು ಪಿಯರ್ಸ್ ಒಬ್ಬೊಬ್ಬರನ್ನೇ ಕೇಳಿದ. ಅಂದುಕೊಂಡದ್ದನ್ನು ಮಾಡಿಸುವವರು ಬೇಕು ಎಂದೆ. ಡಂಕನ್, "ಅಂದುಕೊಂಡದ್ದು ಆಗದೇ ಇದ್ರೆ ಆಗಲ್ಲ ಅನ್ನೋರು ಬೇಕು" ಎಂದ. ನನ್ನನ್ನು ಚುಚ್ಚುವುದಕ್ಕೇ.

ಫೆಬ್ರವರಿ 6, ಗುರುವಾರ

ಮಾಲ್ಕಮ್ ಅರ್ಜಿ ಹಾಕಿದ್ದಾನೆ! ನನ್ನ ಕೋಣೆಗೆ ಬಂದು, ಬಾಗಿಲ ಹತ್ತಿರವೇ ನಿಂತು ಹೇಳಿದ.

"ಹಾಕಿದೀನಿ ಗೇನರ್. ನಿನಗೆ ಅದೇ ಇಷ್ಟ ಅಲ್ವಾ?"

"ತುಂಬಾ ಸಂತೋಷ ಆಯ್ತು ಕಣೋ" ಅಂದೆ. ಇನ್ನೇನು ಹೇಳಲಿ? ಸಂತೋಷವೇ ಆಗಿರಬೇಕು. ಅವನು ಹೋದ ಮೇಲೆ ಒಂದೇ ಕಾಗದಕ್ಕೆ ಎರಡು ಸಲ ಸಹಿ ಹಾಕಿದೆ. ಕನ್ನಡಕ ಹಳೆಯದಾಗಿರಬೇಕು.

ಅವನು ಸೊರಗಿದ್ದಾನೆ. ಕಾಲರು ಸಡಿಲ.

ಫೆಬ್ರವರಿ 12, ಬುಧವಾರ

ಫೋನು, ಫೋನು, ಫೋನು. ಕ್ಲೈವ್ ನನ್ನ ಫೋನನ್ನು ಅಡುಗೆಮನೆಯ ಬ್ರೆಡ್ ಡಬ್ಬಿಯಲ್ಲಿಟ್ಟು ಮುಚ್ಚಿದ. ಅಲ್ಲಿಂದಲೂ ಕೇಳುತ್ತಿತ್ತು.

ಫೆಬ್ರವರಿ 25, ಮಂಗಳವಾರ

ಇವತ್ತು ಸಂದರ್ಶನ. ಕಡೆಗೆ ಉಳಿದವರು ಮೂವರು. ಬೆಳಗ್ಗೆ ಸಿಬ್ಬಂದಿ ಅವರನ್ನು ಮಾತಾಡಿಸಿದರು, ಆಮೇಲೆ ಊರಿನ ಸಂಘಸಂಸ್ಥೆಯವರು, ಮಧ್ಯಾಹ್ನ ನಮ್ಮ ಸಮಿತಿ. ಹಳೆಯ ಸಭಾಂಗಣದ ಉದ್ದ ಮೇಜಿನ ಒಂದು ಕಡೆ ನಾವೈವರು, ಇನ್ನೊಂದು ಕಡೆ ಒಂಟಿ ಕುರ್ಚಿ. ಆ ಕುರ್ಚಿ ನೋಡಿದರೆ ಕೂರುವವರ ಮೇಲೆ ಕನಿಕರ ಬರುತ್ತದೆ.

ಮೊದಲು ಏಡ್ರಿಯನ್ ಲಾಫ್ಟ್‌ಹೌಸ್. ಪಕ್ಕದ ಕೌಂಟಿಯ ದೊಡ್ಡ ಕೌನ್ಸಿಲ್ಲಿನಲ್ಲಿ ಎರಡನೇ ಸ್ಥಾನದಲ್ಲಿರುವವರು. ಬೂದುಬಣ್ಣದ ಸೂಟು, ಎಲ್ಲರ ಹೆಸರೂ ನೆನಪಿತ್ತು. ಕೊಳದ ಬಗ್ಗೆ ಕೇಳಿದೆ. "ಅಧ್ಯಕ್ಷರು ಮಾತು ಕೊಟ್ಟಿದ್ದಾರೆ, ಅಂದ ಮೇಲೆ ಬೇಸಿಗೆಗೆ ತೆರೆಯೋದೇ. ದಾರಿ ಹುಡುಕೋದಕ್ಕೆ ತಾನೇ ನಾವಿರೋದು?" ಎಂದರು. ತಂಪಾಯಿತು ಜೀವ.

ಆಮೇಲೆ ಮಾಲ್ಕಮ್. ಅದನ್ನು ಬರೆಯಲು ಇಷ್ಟವಿಲ್ಲ. ನೀರಿನ ಲೋಟ ಎತ್ತಿ ಟೈ ಮೇಲೆ ಚೆಲ್ಲಿಕೊಂಡ. ಕೊಳದ ಬಗ್ಗೆ ಕೇಳಿದರೆ, "ಅಧ್ಯಕ್ಷರು ಹೇಗೆ ಹೇಳಿದ್ರೆ ಹಾಗೆ" ಅಂದ. ಪಾರ್ಕಿನ ಮರಗಳ ಬಗ್ಗೆ ಯಾರೋ ಕೇಳಿದಾಗ ಮಾತ್ರ ಮೊದಲಿನ ಮಾಲ್ಕಮ್ ಆಗಿ ಹೋದ. ಐದು ನಿಮಿಷ ನಾವೆಲ್ಲ ಬಾಯಿ ಬಿಟ್ಟು ಕೇಳಿದೆವು. ಆಮೇಲೆ ಹಣಕಾಸಿನ ಪ್ರಶ್ನೆ ಬಂತು, ಮತ್ತೆ ಮುಖ ಬಾಡಿತು.

ಕೊನೆಗೆ ಬ್ರಾನ್ವೆನ್ ಪ್ರೊಥೆರೊ. ವೇಲ್ಸಿನ ಗಣಿ ಊರೊಂದರಲ್ಲಿ ನಿರ್ದೇಶಕಿ. ಗಿಡ್ಡ, ಗುಂಡು, ಕೋಟಿನ ಒಂದು ಗುಂಡಿ ಇಲ್ಲ. ಅದೇ ಪ್ರಶ್ನೆ ಕೇಳಿದೆ.

"ಎಂಜಿನಿಯರುಗಳ ವರದಿ ಎರಡೂ ಓದಿದೀನಿ, ನಿಮ್ಮ ವೆಬ್‌ಸೈಟಲ್ಲೇ ಇದೆ" ಎಂದಳು. "ಈ ಬೇಸಿಗೆಗಲ್ಲ, ಮುಂದಿನ ಬೇಸಿಗೆಗೂ ಆಗಲ್ಲ. ಆ ಛಾವಣಿ ಪೂರ್ತಿ ಕೆಡವಿ ಕಟ್ಟಬೇಕು. ಆಗುತ್ತೆ ಅಂತ ನಿಮಗೆ ಹೇಳಿದೋರು ಯಾರು?"

ನನ್ನ ಕಿವಿ ಬಿಸಿಯಾಯಿತು.

"ಜನರಿಗೆ ನಾನು ಹೇಳಿದೀನಿ" ಅಂದೆ.

"ಹಾಗಾದ್ರೆ ಬೇಜಾರಿನ ವಿಷಯ" ಎಂದಳು, ನಿಜವಾಗಿಯೂ ಬೇಜಾರಾದವಳ ಹಾಗೆ. ಸೊಕ್ಕಿನಿಂದ ಹೇಳಿದ್ದರೆ ಸಿಟ್ಟು ಮಾಡಿಕೊಳ್ಳಲು ಸುಲಭವಾಗುತ್ತಿತ್ತು.

ಡಂಕನ್ ಬೀಲ್ ಮಾತ್ರ ಕ್ರಿಸ್‌ಮಸ್ ಉಡುಗೊರೆ ಸಿಕ್ಕವನ ಹಾಗೆ ಕೂತಿದ್ದ.

ಫೆಬ್ರವರಿ 26, ಬುಧವಾರ

ಏಡ್ರಿಯನ್ನೇ. ಮೂರು ಮತ, ಎರಡು ವಿರುದ್ಧ. ಆ ಎರಡೂ ಬ್ರಾನ್ವೆನ್‌ಗೆ. ಮಾಲ್ಕಮ್‌ಗೆ ಯಾರೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ಅವನಿಗೆ ಇನ್ನೂ ಹೇಳಿಲ್ಲ. ಏಡ್ರಿಯನ್ ಒಪ್ಪಿಗೆ ಪತ್ರ ಕಳಿಸಲಿ, ಆಮೇಲೆ ಹೇಳಿದರಾಯಿತು.

ಪಿಯರ್ಸ್ ಫೋನು ಮಾಡಿದ, ಏಡ್ರಿಯನ್ ಬಹಳ ಉತ್ಸಾಹದಿಂದ ಇದ್ದಾರಂತೆ.

ಮಾರ್ಚ್ 4, ಮಂಗಳವಾರ

ಏಡ್ರಿಯನ್ ಬರುವುದಿಲ್ಲವಂತೆ. ನಮ್ಮ ನೇಮಕದ ಪತ್ರ ತೋರಿಸಿದ್ದಕ್ಕೆ ಅವರ ಕೌನ್ಸಿಲ್ಲು ಅಲ್ಲೇ ಬಡ್ತಿ ಕೊಟ್ಟಿತಂತೆ. ಪಿಯರ್ಸ್ ಫೋನಿನಲ್ಲಿ ಅಳುವುದೊಂದು ಬಾಕಿ. "ಇಂಥದ್ದು ನಮ್ಮ ಕೆಲಸದಲ್ಲಿ ಆಗ್ತಾ ಇರುತ್ತೆ ಮೇಡಂ, ಆದ್ರೆ ಇಷ್ಟು ನಗುನಗುತ್ತಾ ಮಾಡಿದೋರನ್ನ ನೋಡಿರಲಿಲ್ಲ."

ಪಾಪದ ಹುಡುಗನನ್ನು ನಾನೇ ಸಮಾಧಾನ ಮಾಡಿದೆ.

ಕ್ಲೈವ್‌ಗೆ ಹೇಳಿದೆ. ಅವನು ಪತ್ರಿಕೆಯಿಂದ ಕಣ್ಣೆತ್ತದೆ, "ಬೇಸಿಗೆಗೆ ಕೊಳ ತೆಗೀತೀನಿ ಅಂದೋನು ತಾನೇ? ಅವನ ಮಾತು ನೀನೊಬ್ಬಳೇ ನಂಬಿದ್ದು" ಅಂದ.

"ನೀನು ನಂಬಿರಲಿಲ್ವಾ?"

"ಇಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲೇ."

ತಟ್ಟೆ ತೊಳೆಯುವಾಗ ಒಂದು ಒಡೆಯಿತು. ಬೇಕೆಂದೇ ಒಡೆದದ್ದಲ್ಲ, ಆದರೆ ಕೇಳಲು ಹಿತವಾಗಿತ್ತು.

ಮಾರ್ಚ್ 5, ಬುಧವಾರ

ನಮ್ಮ ಪಕ್ಷದವರೆಲ್ಲ ಒಂದೇ ಮಾತು: ಮಾಲ್ಕಮ್‌ಗೇ ಕೊಟ್ಟುಬಿಡು, ಮನೆಯ ಮನುಷ್ಯ, ಗಲಾಟೆ ಇರುವುದಿಲ್ಲ. "ನೋಡೋಣ" ಎಂದೆ. ಹೇಳಿದ ಮೇಲೆ ನನ್ನ ದನಿ ನನಗೇ ರೇಜಿಗೆ ಹುಟ್ಟಿಸಿತು.

ಮೆಟ್ಟಿಲಲ್ಲಿ ಡಂಕನ್ ಸಿಕ್ಕ. ಕಾಲೆಳೆಯುತ್ತಾನೆ ಅಂದುಕೊಂಡೆ. ಟೋಪಿ ಕೈಯಲ್ಲಿ ಹಿಡಿದು ನಿಂತು, "ನೀವು ಆ ವೇಲ್ಸ್ ಹೆಂಗಸನ್ನ ಆರಿಸಿದ್ರೆ ನಾನು ಪತ್ರಿಕೆಯವರ ಹತ್ತಿರ ಬಾಯಿ ಬಿಡಲ್ಲ. ಗೆದ್ದೆ ಅಂತ ಹೇಳ್ಕೊಳ್ಳಲ್ಲ" ಎಂದ.

"ಯಾಕೆ?"

"ನಮ್ಮಮ್ಮನೂ ಬೆಳಗಿನ ಗುಂಪಲ್ಲಿ ಈಜೋಳು. ಆ ಛಾವಣಿ ಕೆಳಗೆ."

ಅಷ್ಟೇ ಹೇಳಿ ಇಳಿದು ಹೋದ.

ಮಾರ್ಚ್ 6, ಗುರುವಾರ

ಇವತ್ತಿನದು ಉದ್ದವಾಗುತ್ತದೆ.

ಬೆಳಗ್ಗೆ ಮಾಲ್ಕಮ್‌ನನ್ನು ಕರೆದು, ಕೊಳದ ಬೀಗದ ಕೈ ತೆಗೆದುಕೊಂಡು ಬಾ ಎಂದೆ. ಮುಚ್ಚಿದ ಮೇಲೆ ನಾನು ಒಳಗೆ ಹೋಗಿಯೇ ಇರಲಿಲ್ಲ. ಬಾಗಿಲ ಬಳಿ ಹೆಲ್ಮೆಟ್ ಕೊಟ್ಟ. ನೀರಿಲ್ಲದ ಕೊಳ ಎಷ್ಟು ಆಳವಾಗಿ ಕಾಣುತ್ತದೆ! ಛಾವಣಿಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿದ್ದಾರೆ. ಬಲೆಯಲ್ಲಿ ಅಲ್ಲಲ್ಲಿ ಕಾಂಕ್ರೀಟಿನ ತುಂಡುಗಳು ಬಿದ್ದುಕೊಂಡಿವೆ. ಒಂದು ತುಂಡು ಬ್ರೆಡ್ಡಿನಷ್ಟು ದೊಡ್ಡದು, ಮಕ್ಕಳಿಗೆ ಈಜು ಕಲಿಸುತ್ತಿದ್ದ ತಗ್ಗಿನ ಭಾಗದ ನೇರ ಮೇಲೆ.

"ಬೇಸಿಗೆಗೆ ತೆಗೆಯೋಕಾಗುತ್ತಾ ಮಾಲ್ಕಮ್?"

"ನಿನಗೆ ಬೇಕೇ ಬೇಕು ಅಂದ್ರೆ, ಏನಾದ್ರೂ..."

"ನನ್ನ ವಿಷಯ ಬಿಡು. ಛಾವಣಿ ವಿಷಯ ಕೇಳ್ತಾ ಇದೀನಿ."

ಅವನು ಮೇಲೆ ನೋಡಿದ.

"ಇಲ್ಲ ಗೇನರ್. ಆಗಲ್ಲ. ಮೊದಲಿಂದಾನೂ ಆಗ್ತಿರಲಿಲ್ಲ."

"ಅಷ್ಟೇ ತಾನೇ. ಅಕ್ಟೋಬರಿಂದ ಒಂದು ಸಲ ಹೇಳಬಾರದಿತ್ತಾ?"

"ನೀನು ಆಸೆ ಇಟ್ಕೊಂಡಿದ್ದೆ."

ನಾವಿಬ್ಬರೂ ಈಜುಗಾರರ ಬೆಂಚಿನ ಮೇಲೆ, ಹೆಲ್ಮೆಟ್ ಹಾಕಿಕೊಂಡೇ ಕೂತೆವು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನಿಸಿತು. ಹೇಳಿಬಿಟ್ಟೆ. ಕೆಲಸ ನಿನಗೆ ಕೊಡಲು ನನ್ನಿಂದ ಆಗುವುದಿಲ್ಲ, ನೀನು ಒಳ್ಳೆಯವನು, ಆದರೆ ಈ ಕುರ್ಚಿಗೆ ನೀನಲ್ಲ ಎಂದೆ. ಸಲೂನಿನಲ್ಲಿ ಕೂಡ ಯಾರಿಗೂ ಇಷ್ಟು ನೇರವಾಗಿ ಹೇಳಿದವಳಲ್ಲ.

ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅಯ್ಯೋ ದೇವರೇ, ಕೊಂದೆ ಇವನನ್ನು ಅಂದುಕೊಂಡು ಬೆನ್ನ ಮೇಲೆ ಕೈ ಇಟ್ಟೆ. ನೋಡಿದರೆ ನಗುತ್ತಿದ್ದಾನೆ! ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಬದುಕಿದೆ ಕಣೆ! ಬದುಕಿದೆ! ಪ್ರತಿ ಸಭೆಗೆ ಮುಂಚೆ ಟಾಯ್ಲೆಟ್ಟಿಗೆ ಹೋಗಿ ವಾಂತಿ ಮಾಡ್ಕೊಂಡು ಬರ್ತಾ ಇದ್ದೆ. ಹಿಲರಿ ದಿನಾ ಬೈತಾಳೆ, ಬಿಟ್ಟು ಬಾ ಅಂತ."

"ಹೆಂಡತಿ ಮಾತು ಕೇಳೋದಲ್ವೇನೋ! ಮತ್ತೆ ಅರ್ಜಿ ಯಾಕೆ ಹಾಕ್ದೆ?"

"ನೀನು ಒಂಟಿ ಆಗ್ತೀಯಲ್ಲ ಅಂತ."

"ನೀನು ಅರ್ಜಿ ಹಾಕೋದು ನನಗೆ ಬೇಕಾಗಿರಲಿಲ್ಲ ಮಾರಾಯಾ! ನಿನಗೆ ನೋವಾಗುತ್ತೆ ಅಂತ ನಾನು ಸುಮ್ಮನಿದ್ದೆ!"

ಖಾಲಿ ಕೊಳದಲ್ಲಿ ನಮ್ಮ ನಗು ದೊಡ್ಡದಾಗಿ ಸುತ್ತಿ ಬಂತು. ಆಮೇಲೆ, ಗಟ್ಟಿಯಾಗಿ ನಕ್ಕರೆ ಛಾವಣಿ ಬಿದ್ದೀತೆಂದು ಮೆಲ್ಲಗೆ ಹೊರಗೆ ಬಂದೆವು. ಅವನಿಗೆ ಕಸ ಮತ್ತು ಪಾರ್ಕು ವಾಪಸ್ ಬೇಕಂತೆ. ಕೊಡುತ್ತೇನೆಂದೆ. ಹೋಗುವಾಗ ಅವನ ನಡಿಗೆಯೇ ಬೇರೆ.

ಮಾರ್ಚ್ 7, ಶುಕ್ರವಾರ

ಸಮಿತಿ ಬೆಳಗ್ಗೆಯೇ ಸೇರಿತು. ಬ್ರಾನ್ವೆನ್‌ಗೆ ಐದಕ್ಕೆ ಐದು.

ಪಿಯರ್ಸ್ ತಾನೇ ಮಾತಾಡುತ್ತೇನೆಂದ. ಬೇಡ, ನಾನೇ ಮಾತಾಡುತ್ತೇನೆಂದೆ. ಎರಡನೆಯವಳಾಗಿ ಕರೆಯುತ್ತಿದ್ದೇವೆಂದು ಮುಚ್ಚಿಡದೆ ಹೇಳಿದೆ.

"ಅದಕ್ಕೇನಂತೆ" ಎಂದಳು ಬ್ರಾನ್ವೆನ್. "ನಮ್ಮೆಜಮಾನ್ರಿಗೂ ನಾನು ಎರಡನೇ ಹೆಂಡ್ತಿನೇ. ಇಪ್ಪತ್ತು ವರ್ಷ ಆಯ್ತು, ದೂರು ಬಂದಿಲ್ಲ." ಆಮೇಲೆ ದನಿ ಬದಲಾಯಿತು. "ಬರ್ತೀನಿ. ಆದ್ರೆ ಒಂದು ಮಾತು. ಕೊಳ ತೆರೆಯಲ್ಲ ಅಂತ ನಾನು ಬರೋದಕ್ಕೆ ಮುಂಚೆ ನೀವೇ ಜನಕ್ಕೆ ಹೇಳಬೇಕು. ಬಂದ ದಿನ ನಾನು ಹೇಳಿದ್ರೆ, ಎಲ್ಲಿಂದಲೋ ಬಂದವಳು ನಮ್ಮ ಕೊಳ ಮುಚ್ಚಿದ್ಲು ಅಂತಾರೆ. ಆಮೇಲೆ ಹೊಸದು ಕಟ್ಟೋಕೆ ಹೋದ್ರೂ ಯಾರೂ ನನ್ನ ನಂಬಲ್ಲ. ಹೇಳೋದು ನಿಮ್ಮದು, ಕಟ್ಟಿಸೋದು ನಂದು."

"ಆಗಲಿ" ಅಂದೆ. ಫೋನಿಟ್ಟು, ಚರ್ಚಿನ ಹಾಲ್ ಯಾವತ್ತು ಖಾಲಿ ಇದೆ ಎಂದು ವಿಚಾರಿಸಿದೆ.

ಮಾರ್ಚ್ 20, ಗುರುವಾರ

ಕೌನ್ಸಿಲ್ಲಿನ ಪೂರ್ಣ ಸಭೆಯಲ್ಲಿ ನೇಮಕ ಅಂಗೀಕಾರ. ಸೂಚಿಸಿದ್ದು ನಾನು, ಅನುಮೋದಿಸಿದ್ದು ಡಂಕನ್ ಬೀಲ್. ಹೆಚ್ಚು ಮಾತಾಡಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಹೊರಗೆ ಬರುವಾಗ ಮಾತ್ರ, "ಒಂದೇ ವಿಷಯಕ್ಕೆ ಇಬ್ಬರೂ ಕೈಯೆತ್ತಿದ್ವಿ. ಊರಲ್ಲಿ ಭೂಕಂಪ ಆದೀತು" ಎಂದ. ಈ ಸಲ ನಾನು ಕೆಮ್ಮಲಿಲ್ಲ, ನಕ್ಕೆ.

ನಮ್ಮ ಪಕ್ಷದ ಇಬ್ಬರು ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ.

ಏಪ್ರಿಲ್ 3, ಗುರುವಾರ

ಚರ್ಚಿನ ಹಿಂದಿನ ಹಾಲಿನಲ್ಲಿ ಸಭೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಡಾಫ್ನಿ ರಡ್ಡಕ್ ಮತ್ತು ಅವಳ ಸೈನ್ಯ, ಕೈಚೀಲ ತೊಡೆಯ ಮೇಲೆ. ಆಫೀಸಿನವರು ಭಾಷಣ ಬರೆದುಕೊಟ್ಟಿದ್ದರು, ಎರಡು ಹಾಳೆ. "ಪರಿಸ್ಥಿತಿಯ ಸಮಗ್ರ ಅವಲೋಕನದ ಬಳಿಕ" ಎಂದು ಶುರುವಾಗುತ್ತಿತ್ತು. ಮಡಿಸಿ ಜೇಬಿಗಿಟ್ಟೆ.

"ಕೊಳ ಈ ಬೇಸಿಗೆಗೆ ತೆರೆಯಲ್ಲ. ಮುಂದಿನ ಬೇಸಿಗೆಗೂ ಇಲ್ಲ. ತೆರೆಯುತ್ತೆ ಅಂತ ನಿಮಗೆ ಹೇಳಿದೋಳು ನಾನು. ಸರಿಯಾಗಿ ತಿಳ್ಕೊಳ್ಳದೆ ಹೇಳಿದೆ. ಛಾವಣಿ ಕೆಡವಿ ಹೊಸದು ಕಟ್ಟಬೇಕು. ಅದಕ್ಕೆ ಜನ ಸಿಕ್ಕಿದಾರೆ, ಜೂನಲ್ಲಿ ಬರ್ತಾರೆ."

ಮೊಟ್ಟೆಯೋ ಬೂಟೋ ಬಂದು ಬೀಳುತ್ತದೆ ಎಂದು ಕಾದೆ.

ಡಾಫ್ನಿ ಎದ್ದು ನಿಂತಳು. "ಇಷ್ಟು ಹೇಳೋಕೆ ಏಪ್ರಿಲ್ ತನಕ ಬೇಕಾಯ್ತೇನೇ ನಿನಗೆ? ನಮಗೆ ಕ್ರಿಸ್‌ಮಸ್ಸಿಗೇ ಗೊತ್ತಿತ್ತು. ನನ್ನಳಿಯ ಕಾಂಕ್ರೀಟಿನೋನು."

"ಮತ್ತೆ ಸಿಕ್ಕಾಗಲೆಲ್ಲ ಯಾವಾಗ, ಯಾವಾಗ ಅಂತ ಕೇಳ್ತಿದ್ದೆ?"

"ನೀನು ಯಾವಾಗ ನಿಜ ಹೇಳ್ತೀಯ ಅಂತ ನೋಡ್ತಿದ್ದೆ ಕಣೆ ಹುಡುಗಿ."

ಹಾಲಿಗೆ ಹಾಲೇ ನಕ್ಕಿತು. ಹಿಂದಿನಿಂದ ಒಬ್ಬ, "ಮುಂದಿನ ಚುನಾವಣೇಲಿ ನೋಡ್ಕೋತೀವಿ" ಎಂದು ಕೂಗಿದ. ಅದೂ ನ್ಯಾಯವೇ. ಆಮೇಲೆ ಪ್ರಶ್ನೆಗಳು ಬಂದವು, ಕಠಿಣವಾದವೇ. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಚಹಾ ಕುಡಿದು ಎಲ್ಲರೂ ಮನೆಗೆ ಹೋದರು. ಇಷ್ಟೇನಾ? ಇಷ್ಟಕ್ಕೇನಾ ನಾನು ಚಳಿಗಾಲವಿಡೀ ಸತ್ತದ್ದು?

ಮೇ 9, ಶುಕ್ರವಾರ

ಬರೆಯದೆ ತಿಂಗಳಾಯಿತು. ಬರೆಯುವಂಥದ್ದೇನೂ ಇರಲಿಲ್ಲ. ರಕ್ತದೊತ್ತಡ ಇಳಿದಿದೆ, ಮಾತ್ರೆ ಸರಿಯಾದದ್ದು ಸಿಕ್ಕಿರಬೇಕು ಎಂದರು ಡಾಕ್ಟರು. ಇರಬಹುದು.

ಬೌಲಿಂಗ್ ಕ್ಲಬ್ಬಿನವರು ತಾವು ಚೆಂಡು ಉರುಳಿಸಿ ಆಡುವ ಹುಲ್ಲುಹಾಸಿಗೆ ಹೊಸ ಬೇಲಿ ಕೇಳಿದರು. ಈ ವರ್ಷ ಆಗುವುದಿಲ್ಲ ಎಂದೆ. ಸರಿ ಎಂದು ಹೋದರು.

ಜೂನ್ 16, ಸೋಮವಾರ

ಬ್ರಾನ್ವೆನ್ ಬಂದಳು. ಕೋಟಿಗೆ ಗುಂಡಿ ಹೊಲಿದಿದ್ದಾಳೆ. ನಾನು ಎಂದಿನಂತೆ ಬೆಳಗ್ಗೆಯೇ ಆಫೀಸಿಗೆ ಹೋಗಿದ್ದೆ.

"ಅಧ್ಯಕ್ಷರೇ, ಇವತ್ತು ನಿಮ್ಮದು ಯಾವ ಸಭೆ?"

"ಯಾವುದೂ ಇಲ್ಲ."

"ಮತ್ತೆ ಯಾಕೆ ಬಂದ್ರಿ?"

ಅಷ್ಟರಲ್ಲಿ ಫೋನು ಬಂತು, ಕಸದ ಲಾರಿಯದ್ದು. ಅವಳು ಕೈ ಚಾಚಿದಳು. ಕೊಟ್ಟೆ. "ಹೇಳಿ, ನಾನು ಮುಖ್ಯಾಧಿಕಾರಿ" ಎಂದಳು. ಎಷ್ಟು ಚೆಂದದ ಮಾತು ಅದು! ಮಾಲ್ಕಮ್ ಕಾರಿಡಾರಿನಲ್ಲಿ ಗಿಡಗಳ ಟ್ರೇ ಹಿಡಿದು ಹೋಗುತ್ತಿದ್ದವನು ನನ್ನತ್ತ ಕಣ್ಣು ಮಿಟುಕಿಸಿದ. ಕಾಲರು ಈಗ ಸರಿಯಾಗಿ ಕೂತಿದೆ.

ಆಕೆ ಮೊದಲ ದಿನವೇ ಒಂದು ಪ್ರಸ್ತಾಪ ತಂದಿದ್ದಳು, ಕೊಳದ ಜಾಗದಲ್ಲೇ ಗ್ರಂಥಾಲಯವನ್ನೂ ಸೇರಿಸುವುದು. ಇಲ್ಲ, ಗ್ರಂಥಾಲಯ ಪೇಟೆಯಲ್ಲೇ ಇರಬೇಕು, ಮುದುಕರು ಅಷ್ಟು ದೂರ ನಡೆಯುವುದಿಲ್ಲ ಎಂದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ ನಕ್ಕಳು. ಯಾಕೆ ನಕ್ಕಳೋ.

ಜೂನ್ 26, ಗುರುವಾರ

ಡಾಫ್ನಿಯ ಗುಂಪು ಗುರುವಾರ ಮಿನಿಬಸ್ ಮಾಡಿಕೊಂಡು ಪಕ್ಕದ ಊರಿನ ಕೊಳಕ್ಕೆ ಹೋಗುತ್ತದೆ. ಒಂದು ಸೀಟು ಖಾಲಿ ಇದೆ, ಬಾ ಎಂದಳು. ಗುರುವಾರ ನನಗೆ ಈಗ ಬಿಡುವು.

"ನನಗೆ ಈಜು ಬರಲ್ಲ" ಅಂದೆ, ಬಸ್ಸು ಹೊರಟ ಮೇಲೆ.

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಡಾಫ್ನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೇಳಿದ್ರೇನೇ? ಕೊಳ ಕೊಳ ಅಂತ ಊರೆಲ್ಲ ಡಂಗುರ ಹೊಡೆದೋಳಿಗೆ ಈಜೇ ಬರಲ್ವಂತೆ!"

ತಗ್ಗಿನ ಭಾಗದಲ್ಲಿ ನೀರು ಎದೆಯವರೆಗಿತ್ತು. ಬೆಚ್ಚಗಿತ್ತು. ಮೇಲೆ ಗಟ್ಟಿ ಛಾವಣಿ; ಮೊದಲು ಅದನ್ನೇ ನೋಡಿದೆ. ಡಾಫ್ನಿ ನನ್ನ ಬೆನ್ನ ಕೆಳಗೆ ಅಂಗೈ ಕೊಟ್ಟು ಮಲಗಿಸಿದಳು. ನಾನು ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದೆ.

"ಕಂಬಿ ಬಿಡು."

"ಮುಳುಗ್ತೀನಿ."

"ಮುಳುಗಲ್ಲ. ಹಿಡ್ಕೊಂಡೋರೇ ಮುಳುಗೋದು. ಬಿಡು."

ಬಿಟ್ಟೆ. ಕಿವಿಗೆ ನೀರು ತುಂಬಿತು, ಲೋಕದ ಸದ್ದೆಲ್ಲ ದೂರವಾಯಿತು. ಬಹಳ ಹೊತ್ತಿನ ಮೇಲೆ ಡಾಫ್ನಿಯ ಕೈ ಎಲ್ಲಿದೆ ಎಂದು ನೋಡಿದೆ. ಅವಳು ಆಚೆ ದಡದಲ್ಲಿ ನಿಂತು, ಟವೆಲ್ಲಿನಿಂದ ಕೂದಲು ಒರೆಸಿಕೊಳ್ಳುತ್ತಿದ್ದಳು.